ಬಿರುಕು ಬೇರೆ, ಸವೆತ ಬೇರೆ

ಹಳೆಯ ಕಾರುಗಳನ್ನು ದುರಸ್ತಿ ಮಾಡಿಸಿ ಮತ್ತೆ ರಸ್ತೆಗಿಳಿಸುವ ಹವ್ಯಾಸ ಇರುವವರ ಜೊತೆ ಮಾತಿಗೆ ಕೂತರೆ ಎಂಜಿನ್ನಿನ ಬಗ್ಗೆ, ಬಣ್ಣದ ಬಗ್ಗೆ, ಕ್ರೋಮಿಯಂ ಲೇಪದ ಬಂಪರಿನ ಬಗ್ಗೆ ಗಂಟೆಗಟ್ಟಲೆ ಕೇಳಬಹುದು. ಸ್ಟೀರಿಂಗ್ ಚಕ್ರದ ವಿಷಯ ಬರುವುದು ಕೊನೆಗೆ, ಅದೂ ಒಂದೆರಡು ವಾಕ್ಯಗಳಲ್ಲಿ. ಬಿರುಕು ಬಿಟ್ಟಿತ್ತು, ಪುಟ್ಟಿ ತುಂಬಿಸಿ ಬಣ್ಣ ಹೊಡೆಸಿದೆ, ಈಗ ಹೊಸದರ ಹಾಗಿದೆ ಎಂದು ಮುಗಿಸುತ್ತಾರೆ. ಆದರೆ ಇಡೀ ಕಾರಿನಲ್ಲಿ ಮನುಷ್ಯನ ಕೈ ಬಿಡದೆ ಹಿಡಿದುಕೊಂಡಿದ್ದ ಭಾಗ ಅದೊಂದೇ. ಎಂಜಿನ್ನನ್ನು ಮೆಕ್ಯಾನಿಕ್ ಆಗೀಗ ಮುಟ್ಟುತ್ತಾನೆ. ಬಾಗಿಲ ಹಿಡಿಯನ್ನು ಹತ್ತುವಾಗ ಇಳಿಯುವಾಗ ಒಂದು ಕ್ಷಣ ಹಿಡಿಯುತ್ತೇವೆ. ಸ್ಟೀರಿಂಗಿನ ಮೇಲೆ ಮಾತ್ರ ಕಾರು ಓಡಿದಷ್ಟು ಹೊತ್ತೂ ಯಾರದೋ ಅಂಗೈ ಇತ್ತು. ಹಾಗಾಗಿ ಅದನ್ನು ಎಷ್ಟರ ಮಟ್ಟಿಗೆ ಸರಿಪಡಿಸಬೇಕು, ಎಲ್ಲಿ ಕೈ ತಡೆಯಬೇಕು ಎಂಬುದು ಗ್ಯಾರೇಜಿನ ಪ್ರಶ್ನೆಯಂತೆ ಕಂಡರೂ, ಅದರೊಳಗೆ ನ್ಯಾಯದ ಪ್ರಶ್ನೆಯೊಂದು ಇದೆ ಎಂದು ನನಗನ್ನಿಸುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ನಮಗೆಲ್ಲ ಗೊತ್ತಿರುವ ಕಾರನ್ನೇ ತೆಗೆದುಕೊಳ್ಳೋಣ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ತಯಾರಿಸುತ್ತಿದ್ದ ಫಿಯೆಟ್ 1100. 1964ರಲ್ಲಿ ಅದು 'ಡಿಲೈಟ್' ಎಂಬ ಹೆಸರಿನಲ್ಲಿ ಬಂತು, ಎಪ್ಪತ್ತರ ದಶಕದಲ್ಲಿ 'ಪ್ರೀಮಿಯರ್ ಪದ್ಮಿನಿ' ಆಯಿತು. ಊರುಗಳಲ್ಲಿ ಮಾತ್ರ ಕೊನೆಯವರೆಗೂ ಅದು 'ಫಿಯೆಟ್ಟೇ'. ಮುಂಬಯಿಯಲ್ಲಿ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಓಡಿದ್ದೂ ಇದೇ. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಅಲ್ಲಿ 20 ವರ್ಷದ ಮಿತಿ ಇದ್ದುದರಿಂದ 2023ರ ಅಕ್ಟೋಬರ್ ಅಂತ್ಯಕ್ಕೆ ಆ ಸಂತತಿ ಅಧಿಕೃತವಾಗಿ ಮುಗಿಯಿತು. ಈಗ ಉಳಿದಿರುವುದು ಖಾಸಗಿಯವರ ಕಾರುಗಳು. ಅವು ನಿಧಾನವಾಗಿ ಹಳೆಯ ಸಾಮಾನಿನ ಪಟ್ಟಿಯಿಂದ 'ಕ್ಲಾಸಿಕ್' ಎಂಬ ಪಟ್ಟಿಗೆ ಬಡ್ತಿ ಪಡೆಯುತ್ತಿವೆ.

ಆ ಕಾರಿನ ಸ್ಟೀರಿಂಗ್ ಈಗಿನವುಗಳ ಹಾಗೆ ದಪ್ಪನೆಯದಲ್ಲ, ತೆಳ್ಳಗಿನ ಬಳೆ. ಪವರ್ ಸ್ಟೀರಿಂಗ್ ಇಲ್ಲದ್ದರಿಂದ ನಿಂತಲ್ಲೇ ತಿರುಗಿಸಬೇಕಾದರೆ ಭುಜದ ಬಲವೇ ಬೇಕು. ಗೇರಿನ ಕಡ್ಡಿಯೂ ನೆಲದಲ್ಲಿರದೆ ಸ್ಟೀರಿಂಗಿನ ಕಂಬಕ್ಕೇ ಅಂಟಿಕೊಂಡಿತ್ತು. ಎಡಗೈ ಪದೇ ಪದೇ ಗೇರಿಗೆ ಹೋಗುವುದು. ಹಿಡಿತವನ್ನು ಕಾಯುವ ಕೆಲಸ ಬಲಗೈಯದು. ಹೀಗೆ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಲಗೈ ಕೂತರೆ ಅಲ್ಲಿ ಬಳೆಯ ಹೊಳಪು ಮಾಸುತ್ತದೆ, ಬೆರಳಿನ ಹಿಡಿತಕ್ಕೆಂದು ಹಿಂಬದಿಯಲ್ಲಿ ಅಚ್ಚು ಹಾಕಿದ ಏರುತಗ್ಗುಗಳಿದ್ದರೆ ಅವು ನುಣುಪಾಗುತ್ತವೆ. ಅಂಗೈಯ ಬೆವರು ಮತ್ತು ಎಣ್ಣೆ ಇಳಿದು ಬಣ್ಣ ಕಪ್ಪಿಡುತ್ತದೆ. ಇದು ಸವೆತ.

ಬಿರುಕಿನ ಕಥೆ ಬೇರೆ. ಹಳೆಯ ಸ್ಟೀರಿಂಗುಗಳ ಒಳಗೆ ಉಕ್ಕಿನ ಬಳೆ ಇರುತ್ತದೆ, ಅದರ ಮೇಲೆ ಎರಕ ಹೊಯ್ದ ಹೊದಿಕೆ. ಮೋಟಾರು ಯುಗದ ಆರಂಭದಲ್ಲಿ ಮರ ಮತ್ತು ಗಟ್ಟಿ ರಬ್ಬರ್ ಬಳಕೆಯಲ್ಲಿದ್ದವು, ಆಮೇಲೆ ಬಗೆಬಗೆಯ ಪ್ಲಾಸ್ಟಿಕ್ ಬಂದವು. ಅವುಗಳಲ್ಲಿ ಸೆಲ್ಯುಲೋಸಿನಿಂದ ಮಾಡಿದವೂ ಇದ್ದವು. ಅವು ಒಡೆಯದಿರಲೆಂದು ಬೆರೆಸಿದ ಮೃದುಕಾರಿ ದ್ರವ್ಯ ವರ್ಷಗಳು ಕಳೆದಂತೆ ಆರಿಹೋಗುತ್ತದೆ, ಹೊದಿಕೆ ಕುಗ್ಗುತ್ತದೆ. ಒಳಗಿನ ಉಕ್ಕು ಕುಗ್ಗುವುದಿಲ್ಲ. ಬಿಸಿಲಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಎರಡೂ ಹಿಗ್ಗುತ್ತವೆ, ಆದರೆ ಬೇರೆ ಬೇರೆ ಪ್ರಮಾಣದಲ್ಲಿ. ಸಂಜೆ ಮತ್ತೆ ಕುಗ್ಗುತ್ತವೆ. ಈ ಜಗ್ಗಾಟದಲ್ಲಿ ಸೋಲುವುದು ಹೊದಿಕೆ. ಬಳೆಗೆ ಕಡ್ಡಿಗಳು ಸೇರುವ ಕಡೆ ಮೊದಲು ಕೂದಲೆಳೆಯಷ್ಟು ಗೀರು, ಆಮೇಲೆ ಬಾಯಿಬಿಟ್ಟ ಬಿರುಕು. ಹಳೆಯ ಸಿನಿಮಾ ರೀಲುಗಳನ್ನು ಕೆಡಿಸಿ ಡಬ್ಬಿ ತೆರೆದಾಗ ವಿನಿಗರ್ ವಾಸನೆ ಬರಿಸುವ ರೋಗ ಕೂಡ ಇದೇ ಸೆಲ್ಯುಲೋಸ್ ಕುಲದ್ದು. ಅಂದರೆ ಬಿರುಕಿಗೆ ಯಾರೂ ಕಾರಣರಲ್ಲ. ಕಾರನ್ನು ಯಾರೂ ಮುಟ್ಟದೆ ಶೆಡ್ಡಿನಲ್ಲಿಟ್ಟರೂ ಅದು ಬರುತ್ತಿತ್ತು. ಸವೆತ ಹಾಗಲ್ಲ. ಕೈ ಇಲ್ಲದೆ ಸವೆತವಿಲ್ಲ.

ಈ ವ್ಯತ್ಯಾಸವನ್ನು ನೆನಪಿಟ್ಟುಕೊಂಡು ಕೆಲಸ ಹೇಗೆ ನಡೆಯುತ್ತದೆ ಎಂದು ನೋಡೋಣ. ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ಮುಂದಿನ ಗಾಲಿಗಳನ್ನು ನೇರಕ್ಕೆ ನಿಲ್ಲಿಸಿ, ಹಾರ್ನಿನ ಗುಂಡಿಯನ್ನು ಬಿಚ್ಚುತ್ತಾರೆ. ಅದರಡಿಯ ದೊಡ್ಡ ನಟ್ಟನ್ನು ಸಡಿಲಿಸುತ್ತಾರೆ, ಆದರೆ ಪೂರ್ತಿ ತೆಗೆಯುವುದಿಲ್ಲ. ಪುಲ್ಲರ್ ಹಾಕಿ ಎಳೆದಾಗ ಚಕ್ರ ಒಮ್ಮೆಲೇ ಚಿಮ್ಮಿ ಮುಖಕ್ಕೆ ಬಡಿಯದಿರಲು ಆ ನಾಲ್ಕು ಸುತ್ತು ಬೇಕು. ಕಂಬಕ್ಕೂ ಚಕ್ರಕ್ಕೂ ಎದುರುಬದುರು ಒಂದು ಗುರುತು ಹಾಕಿಕೊಳ್ಳುತ್ತಾರೆ, ಮತ್ತೆ ಕೂರಿಸುವಾಗ ಹಲ್ಲು ತಪ್ಪಬಾರದು. ಸೋಪಿನ ನೀರಲ್ಲಿ ತೊಳೆದು, ಮೇಣ ಮತ್ತು ಜಿಡ್ಡನ್ನು ತೆಗೆದಾಗ ಬಿರುಕುಗಳೆಲ್ಲ ಎದ್ದು ಕಾಣುತ್ತವೆ.

ಮುಂದಿನ ಹಂತ ಮೊದಲ ಸಲ ನೋಡುವವರಿಗೆ ಗಾಬರಿ ಹುಟ್ಟಿಸುತ್ತದೆ. ಬಿರುಕನ್ನು ಮುಚ್ಚುವ ಮೊದಲು ಅದನ್ನು ಇನ್ನಷ್ಟು ಅಗಲ ಮಾಡಬೇಕು. ಅರದಿಂದಲೋ ಸಣ್ಣ ತಿರುಗುವ ಉಪಕರಣದಿಂದಲೋ ಅದನ್ನು ಕಣಿವೆಯ ಆಕಾರಕ್ಕೆ ಕೊರೆದು, ಒಳಗಿನ ಉಕ್ಕು ಕಾಣುವವರೆಗೆ ಹೋಗಿ, ಅಲ್ಲಿ ಹಿಡಿದ ತುಕ್ಕನ್ನು ಕೆರೆದು ತೆಗೆಯಬೇಕು. ಮೇಲೆ ಮೇಲೆ ಮೆತ್ತಿದರೆ ಕೆಲವೇ ತಿಂಗಳಲ್ಲಿ ಅದೇ ಗೆರೆಯಲ್ಲಿ ಮತ್ತೆ ಒಡೆಯುತ್ತದೆ. ಹೀಗೆ ತೆರೆದ ಗಾಯಕ್ಕೆ ಎರಡು ಭಾಗ ಬೆರೆಸಿದ ಎಪಾಕ್ಸಿ ಪುಟ್ಟಿಯನ್ನು ಒತ್ತಿ, ಸ್ವಲ್ಪ ಹೆಚ್ಚೇ ತುಂಬಿ, ಒಂದು ದಿನವಾದರೂ ಗಟ್ಟಿಯಾಗಲು ಬಿಡುತ್ತಾರೆ. ಆಮೇಲೆ ಅರ, ಅದಾದ ಮೇಲೆ ಒರಟಿನಿಂದ ನಯಕ್ಕೆ ಒಂದೊಂದೇ ನಂಬರಿನ ಮರಳುಕಾಗದ, ನಡುವೆ ಪ್ರೈಮರ್, ಮತ್ತೆ ಉಜ್ಜುವುದು, ಕೊನೆಗೆ ಬಣ್ಣ. ಬೇಸರವಿಲ್ಲದೆ ಮಾಡಿದರೆ ಮನೆಯಲ್ಲೇ ಕೆಲವು ವಾರಾಂತ್ಯಗಳಲ್ಲಿ ಮುಗಿಯುವ ಕೆಲಸ ಇದು.

ಪ್ರಶ್ನೆ ಹುಟ್ಟುವುದು ಮರಳುಕಾಗದ ಕೈಗೆ ಬಂದಾಗ. ಪುಟ್ಟಿ ತುಂಬಿದ ಜಾಗವನ್ನು ಮಾತ್ರ ಉಜ್ಜಿ ಸುತ್ತಲಿನ ಬಣ್ಣಕ್ಕೆ ಹೊಂದಿಸಬಹುದು. ಹತ್ತಿರದಿಂದ ನೋಡಿದರೆ ತೇಪೆ ಗೊತ್ತಾಗುತ್ತದೆ. ಇಲ್ಲವೇ ಇಡೀ ಬಳೆಯನ್ನು ಉಜ್ಜಿ, ಸವೆದ ಏರುತಗ್ಗುಗಳಿಗೂ ಪುಟ್ಟಿ ಕೊಟ್ಟು ಮೊದಲಿನ ಆಕಾರ ಬರಿಸಿ, ಒಂದೇ ಬಣ್ಣ ಹೊಡೆದು, ಶೋರೂಮಿನಿಂದ ಹೊರಬಂದ ದಿನದ ಹಾಗೆ ಮಾಡಬಹುದು. ಬಹುಪಾಲು ಜನ ಎರಡನೆಯದನ್ನು ಆರಿಸುತ್ತಾರೆ. ದುಡ್ಡು ಕೊಟ್ಟು ತೇಪೆ ಯಾರಿಗೆ ಬೇಕು? ಆದರೆ ಆ 'ಶೋರೂಮಿನ ದಿನ' ಎಂಬುದನ್ನು ಸ್ವಲ್ಪ ಯೋಚಿಸಿ ನೋಡಿ. ಕಾರಿನ ಐವತ್ತು ವರ್ಷಗಳ ಬದುಕಿನಲ್ಲಿ ಯಾರೂ ಅದನ್ನು ಓಡಿಸದ, ಯಾರ ಕೈಗೂ ಅದು ಪರಿಚಯವಾಗದ ಒಂದೇ ಒಂದು ದಿನ ಅದು. ನಾವು ನೆನಪಿನ ಹೆಸರಿನಲ್ಲಿ ಮರಳಿ ತರುತ್ತಿರುವುದು ಯಾರ ನೆನಪಿನಲ್ಲೂ ಇಲ್ಲದ ದಿನವನ್ನು.

ಈ ವಾದ ಕಾರಿಗಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಹಳೆಯ ಚರ್ಚುಗಳ ವಿಷಯವಾಗಿ ಇದೇ ಜಗಳ ನಡೆಯಿತು. ಫ್ರಾನ್ಸಿನ ವಾಸ್ತುಶಿಲ್ಪಿ ವಿಯೊಲೆ-ಲೆ-ಡ್ಯುಕ್, ಜೀರ್ಣೋದ್ಧಾರ ಎಂದರೆ ಕಟ್ಟಡವನ್ನು ಒಂದು ಪೂರ್ಣ ಸ್ಥಿತಿಗೆ ತರುವುದು, ಆ ಸ್ಥಿತಿ ಹಿಂದೆ ಎಂದೂ ಇಲ್ಲದಿದ್ದರೂ ಸರಿಯೇ, ಎಂದ. ಇಂಗ್ಲೆಂಡಿನ ಜಾನ್ ರಸ್ಕಿನ್ 1849ರ ತನ್ನ ಪುಸ್ತಕದಲ್ಲಿ ಇದಕ್ಕೆ ತೀರಾ ವಿರುದ್ಧವಾದ ನಿಲುವು ತಳೆದ: ಸತ್ತ ಕೆಲಸಗಾರರ ಕೈಚಳಕವನ್ನು ಮರಳಿ ತರಲಾಗದು, ತಂದೆವೆಂದು ಹೇಳುವುದು ಸುಳ್ಳು. ರಸ್ಕಿನ್ನನ ದಾರಿಯಲ್ಲಿ ನಡೆದ ಕವಿ ಮತ್ತು ಕುಶಲಕರ್ಮಿ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದ. ಹಳೆಯ ಗೋಡೆಗಳ ಗಾರೆಯನ್ನು ಕೆರೆದು 'ಮೂಲ'ವನ್ನು ಹುಡುಕುವವರ ವಿರುದ್ಧ ನಿಂತದ್ದರಿಂದ ಆ ಸಂಘಕ್ಕೆ 'ಕೆರೆತದ ವಿರೋಧಿಗಳು' ಎಂಬ ಅರ್ಥದ ಅಡ್ಡಹೆಸರೇ ಬಿತ್ತು. ಮರಳುಕಾಗದ ಹಿಡಿದವರೆಲ್ಲ ತಿಳಿದಿರಬೇಕಾದ ಹೆಸರು. ತಮಾಷೆಯೆಂದರೆ, ಅದೇ 1877ರಲ್ಲಿ ಅದೇ ದೇಶದಲ್ಲಿ ಇನ್ನೊಬ್ಬ ವಿಲಿಯಂ ಮಾರಿಸ್ ಹುಟ್ಟಿದ. ಅವನು ಮಾರಿಸ್ ಮೋಟಾರ್ಸ್ ಕಟ್ಟಿದವನು. ಆ ಕಂಪನಿಯ ಮಾರಿಸ್ ಆಕ್ಸ್‌ಫರ್ಡ್ ಮಾದರಿಯೇ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರ್ ಆಗಿ 2014ರವರೆಗೆ ತಯಾರಾದದ್ದು. ಒಬ್ಬ ಮಾರಿಸ್‌ನ ಕಾರನ್ನು ರಿಪೇರಿ ಮಾಡುವಾಗ ಇನ್ನೊಬ್ಬ ಮಾರಿಸ್‌ನ ಮಾತು ಕಿವಿಯಲ್ಲಿರುವುದು ಒಳ್ಳೆಯದು.

ಕಟ್ಟಡಗಳ ಈ ವಿವೇಕ ನಿಧಾನವಾಗಿ ವಾಹನಗಳಿಗೂ ಬಂತು. 1964ರ ವೆನಿಸ್ ಸನ್ನದು ಸ್ಮಾರಕಗಳ ಬಗ್ಗೆ ಹೇಳಿದ್ದು ಸ್ಥೂಲವಾಗಿ ಇಷ್ಟು: ಊಹೆ ಶುರುವಾಗುವ ಕಡೆ ಜೀರ್ಣೋದ್ಧಾರ ನಿಲ್ಲಬೇಕು, ಎಲ್ಲ ಕಾಲದವರ ಕೊಡುಗೆಯನ್ನೂ ಗೌರವಿಸಬೇಕು. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಅದೇ ಜಾಡಿನಲ್ಲಿ ಟ್ಯೂರಿನ್ ಸನ್ನದನ್ನು ಒಪ್ಪಿಕೊಂಡಿತು. ಇದ್ದುದನ್ನು ಕೆಡದಂತೆ ಕಾಯುವುದು ಬೇರೆ, ಕಳೆದುಹೋದದ್ದನ್ನು ಮತ್ತೆ ಮಾಡುವುದು ಬೇರೆ ಎಂದು ಅದು ಬಿಡಿಸಿ ಹೇಳುತ್ತದೆ. ಮಾಡಿದ್ದನ್ನೆಲ್ಲ ದಾಖಲಿಸಿಡಿ ಎನ್ನುತ್ತದೆ. ನಮ್ಮ ದೇಶದ ಕಾನೂನು ಇಷ್ಟು ಸೂಕ್ಷ್ಮಕ್ಕೆ ಇಳಿಯುವುದಿಲ್ಲ. 2021ರ ನಿಯಮದಂತೆ 50 ವರ್ಷ ದಾಟಿದ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಅದು ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಕೈ ಇದ್ದ ಜಾಗದ ಲೆಕ್ಕವನ್ನು ನಿಯಮ ಹೀಗೆ ಹೆಸರಿಸಿ ಕೇಳುವುದಿಲ್ಲ. ಅದು ನಮ್ಮ ನಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು.

ಇಲ್ಲಿ ತತ್ತ್ವಶಾಸ್ತ್ರ ಓದಿದವರು ರಥದ ದೃಷ್ಟಾಂತ ಎತ್ತಬಹುದು. 'ಮಿಲಿಂದಪಞ್ಹ'ದಲ್ಲಿ ಭಿಕ್ಷು ನಾಗಸೇನ ಯವನ ರಾಜ ಮಿಲಿಂದನನ್ನು ಕೇಳುತ್ತಾನೆ: ನೀನು ಬಂದ ರಥದಲ್ಲಿ ರಥ ಯಾವುದು? ಮೂಕಿಯೇ, ಅಚ್ಚೇ, ಗಾಲಿಗಳೇ? ಒಂದೊಂದಕ್ಕೂ ಅಲ್ಲ ಎಂದ ರಾಜ, ಇವೆಲ್ಲ ಸೇರಿದಾಗ ನಾವಿಡುವ ಹೆಸರು ರಥ ಎಂದು ಕೊನೆಗೆ ಒಪ್ಪಿಕೊಳ್ಳುತ್ತಾನೆ. ಹಾಗಾದರೆ 'ಅಸಲಿ ಸ್ಟೀರಿಂಗ್' ಎಂಬುದೇ ಒಂದು ಭ್ರಮೆ, ಪುಟ್ಟಿ ಹಾಕಿದರೇನು, ಹೊಸದೇ ಹಾಕಿದರೇನು ಎನ್ನಬಹುದಲ್ಲ? ಈ ವಾದ ಅರ್ಧ ದಾರಿ ಮಾತ್ರ ನಮ್ಮನ್ನು ಒಯ್ಯುತ್ತದೆ. ಕಾರು ಅದೇ ಕಾರೋ ಅಲ್ಲವೋ ಎಂಬುದು ಒಂದು ಪ್ರಶ್ನೆ. ಕಾರಿಗೆ ನಾವು ಏನು ಮಾಡಿದೆವು, ಅದರಿಂದ ಯಾರಿಗೆ ಅನ್ಯಾಯವಾಯಿತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ನಾಗಸೇನನ ಉತ್ತರವೇ ಸಾಕು. ಎರಡನೆಯದಕ್ಕೆ ರಥದ ಬಿಡಿಭಾಗಗಳ ಪಟ್ಟಿ ಸಾಲದು. ರಥವನ್ನು ಹೊಡೆದವನು ಯಾರು ಎಂದೂ ಕೇಳಬೇಕಾಗುತ್ತದೆ.

ಯಾರಿಗೆ ಅನ್ಯಾಯ? ಒಂದು ಸನ್ನಿವೇಶ ಕಲ್ಪಿಸಿಕೊಳ್ಳಿ. ಎಪ್ಪತ್ತರ ದಶಕದಲ್ಲಿ ದಾವಣಗೆರೆಯ ಡಾಕ್ಟರೊಬ್ಬರು ವರ್ಷಗಟ್ಟಲೆ ಸರದಿಯಲ್ಲಿ ಕಾದು ಒಂದು ಫಿಯೆಟ್ ಕೊಂಡರು. ಈಗ ಪುಣೆಯಲ್ಲಿ ಕೆಲಸದಲ್ಲಿರುವ ಮೊಮ್ಮಗ ಅದನ್ನು ಲಾರಿಯಲ್ಲಿ ತರಿಸಿ ದುರಸ್ತಿ ಮಾಡಿಸುತ್ತಿದ್ದಾನೆ. ಮನೆಯವರಿಗೆಲ್ಲ ಅದು 'ಅಜ್ಜನ ಕಾರು'. ಸವೆದ ಸ್ಟೀರಿಂಗನ್ನು ಸವರಿ, ಅಜ್ಜನ ಕೈ ಆಡಿದ ಜಾಗ ಎಂದು ಕಣ್ಣು ತುಂಬಿಕೊಳ್ಳುವವರೂ ಇರುತ್ತಾರೆ. ಆದರೆ ಅಜ್ಜ ಕೂರುತ್ತಿದ್ದದ್ದು ಹಿಂದಿನ ಸೀಟಿನಲ್ಲಿ. ಆ ತಲೆಮಾರಿನ ಅನುಕೂಲಸ್ಥರಲ್ಲಿ ಎಷ್ಟೋ ಮಂದಿ ಕಾರು ಓಡಿಸಲು ಕಲಿತವರೇ ಅಲ್ಲ. ಬಳೆಯ ಬಲಭಾಗದ ಆ ನುಣುಪು ಇಪ್ಪತ್ತು ವರ್ಷ ಸಂಬಳಕ್ಕಿದ್ದ ಡ್ರೈವರನದು. ರಾತ್ರಿ ಹೆರಿಗೆಗೆ ಕರೆ ಬಂದಾಗ ಎದ್ದು ಬಂದವನು, ಮಳೆಯಲ್ಲಿ ಹಳ್ಳಿ ರಸ್ತೆಯಲ್ಲಿ ಸಿಕ್ಕಿಕೊಂಡಾಗ ಒಬ್ಬನೇ ಇಳಿದು ತಳ್ಳಿದವನು. ಮನೆಯ ಆಲ್ಬಮ್ಮಿನಲ್ಲಿ ಕಾರಿನ ಮುಂದೆ ನಿಂತ ಅಜ್ಜನ ಫೋಟೊ ಇದೆ. ಡ್ರೈವರನದು ಇರಲಿಕ್ಕಿಲ್ಲ, ಇದ್ದರೂ ಗಾಜಿನ ಹಿಂದೆ ಅರ್ಧ ಮುಖ.

ಭಾರತದಲ್ಲಿ ಹಳೆಯ ಕಾರಿನ ದುರಸ್ತಿಗೆ ಇರುವ ವಿಶೇಷ ತೊಡಕು ಇದೇ ಎಂದು ನನ್ನ ಭಾವನೆ. ಮಾಲೀಕನೇ ಕಾರು ಓಡಿಸುತ್ತಿದ್ದ ದೇಶಗಳಲ್ಲಿ ಸ್ಟೀರಿಂಗಿನ ಸವೆತ ಮತ್ತು ಕಾಗದಪತ್ರದ ಹೆಸರು ಒಬ್ಬನವೇ ಆಗಿರಬಹುದು. ನಮ್ಮಲ್ಲಿ ಅನೇಕ ವೇಳೆ ಹೆಸರು ಒಬ್ಬರದು, ಸವೆತ ಇನ್ನೊಬ್ಬರದು. ವಿಂಟೇಜ್ ಕಾರುಗಳ ಮೆರವಣಿಗೆಗೆ ಹೋದರೆ ಯಾವ ಮಹಾರಾಜ ಕೊಂಡ, ಯಾವ ಉದ್ಯಮಿಗೆ ಮಾರಿದ ಎಂಬ ವಂಶಾವಳಿ ಫಲಕದ ಮೇಲೆ ಇರುತ್ತದೆ. ಚಾಲಕರ ವಂಶಾವಳಿ ಇರುವುದು ಸ್ಟೀರಿಂಗಿನ ಮೇಲೆ ಮಾತ್ರ. ಮುಂಬಯಿಯ ಟ್ಯಾಕ್ಸಿಗಳಲ್ಲಂತೂ ಒಂದೇ ಗಾಡಿಯನ್ನು ಹಗಲು ಒಬ್ಬ, ರಾತ್ರಿ ಒಬ್ಬ ಓಡಿಸುತ್ತಿದ್ದದ್ದು ಸಾಮಾನ್ಯ. ಇಬ್ಬರೂ ಹೊರಗಿನಿಂದ ದುಡಿಯಲು ಬಂದವರು, ಗಾಡಿ ಮೂರನೆಯವನದು. ಅವರ ಹೆಸರು ಎಲ್ಲೂ ಬರೆದಿರಲಿಲ್ಲ. ಬರೆದಂತೆ ಇದ್ದ ಒಂದೇ ಗುರುತು ಆ ಬಳೆಯ ನುಣುಪು. ಅದನ್ನು ಮೂರು ನಂಬರಿನ ಮರಳುಕಾಗದದಲ್ಲಿ ಉಜ್ಜಿ ತೆಗೆದರೆ ಕಾರು ಮತ್ತೆ ಮಾಲೀಕನದು ಮಾತ್ರ ಆಗುತ್ತದೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ಹಗುರ ಮಾಡಿ ದಾಟುವಂತಿಲ್ಲ. ಹಳೆಯದರ ಚೆಲುವನ್ನು ಹೊಗಳುವವರು ಯಾರು? ಭಾನುವಾರ ಬೆಳಿಗ್ಗೆ ಒಂದು ಗಂಟೆ ಅದನ್ನು ಹಿಡಿಯುವವರು. ದಿನಕ್ಕೆ ಹನ್ನೆರಡು ಗಂಟೆ ಹಿಡಿದವನಿಗೆ ಬಿರುಕು ಬಿಟ್ಟ ಸ್ಟೀರಿಂಗ್ ಕಾವ್ಯವಾಗಿರಲಿಲ್ಲ. ಬಿರುಕಿನ ಅಂಚು ಅಂಗೈಯ ಚರ್ಮವನ್ನು ಚಿವುಟುತ್ತಿತ್ತು, ಬೇಸಿಗೆಯಲ್ಲಿ ಕೈ ಸುಡುತ್ತಿತ್ತು. ಅದಕ್ಕೇ ಅವನು ಬಟ್ಟೆ ಸುತ್ತುತ್ತಿದ್ದ, ಪ್ಲಾಸ್ಟಿಕ್ ದಾರದಲ್ಲಿ ಹೆಣೆದ ಕವಚ ತೊಡಿಸುತ್ತಿದ್ದ. ಹೊಸ ಸ್ಟೀರಿಂಗ್ ಕೊಡಿಸುತ್ತೇನೆಂದರೆ ಎರಡು ಸಲ ಯೋಚಿಸದೆ ಒಪ್ಪುತ್ತಿದ್ದ. ಅವನ ಹೆಸರಿನಲ್ಲಿ ಹಳೆಯದನ್ನು ಹಾಗೇ ಉಳಿಸಿಕೊಳ್ಳಿ ಎಂದು ನಾವು ಹೇಳುವುದು, ಅವನ ಕಷ್ಟವನ್ನು ನಮ್ಮ ಬೈಠಕ್ ಖಾನೆಯ ಅಲಂಕಾರ ಮಾಡಿಕೊಂಡಂತೆ ಅಲ್ಲವೇ?

ಹೌದು, ಬಿರುಕಿನ ಮಟ್ಟಿಗೆ ಈ ಆಕ್ಷೇಪ ಪೂರ್ತಿ ನಿಜ. ಬಿರುಕು ಕೈಗೆ ಶತ್ರು. ಅದನ್ನು ಹಾಗೇ ಬಿಡುವುದರಲ್ಲಿ ಯಾವ ಗೌರವವೂ ಇಲ್ಲ, ಅಪಾಯವೂ ಇದೆ. ಬಿರುಕಿನಿಂದ ಇಳಿದ ನೀರು ಒಳಗಿನ ಉಕ್ಕನ್ನು ತಿಂದಿದ್ದರೆ ತಿರುವಿನಲ್ಲಿ ಬಳೆ ಕೈಗೆ ಬಂದೀತು. ಆದ್ದರಿಂದ ಬಿರುಕನ್ನು ಮುಚ್ಚಲೇಬೇಕು, ಅದಕ್ಕಾಗಿ ಮೊದಲು ಅಗಲ ಮಾಡಲೂಬೇಕು. ಆದರೆ ಸವೆತದ ವಿಷಯಕ್ಕೆ ಈ ಆಕ್ಷೇಪ ತಗಲುವುದಿಲ್ಲ. ಡ್ರೈವರನಿಗೆ ಸವೆತ ತೊಂದರೆ ಕೊಟ್ಟಿರಲಿಲ್ಲ. ಸವೆತವೆಂದರೆ ವಸ್ತು ಕೈಗೆ ಒಗ್ಗಿಕೊಂಡದ್ದು. ಅಜ್ಜಿಯ ಕಾಲದ ಈಳಿಗೆಮಣೆಯಲ್ಲಿ ಕಾಲಿಡುವ ಜಾಗ ತಗ್ಗಾಗಿರುತ್ತದಲ್ಲ, ಹಾಗೆ. ಬಿರುಕು ಕೈಯನ್ನು ದೂರ ತಳ್ಳುತ್ತದೆ, ಸವೆತ ಕೈಯನ್ನು ಬರಮಾಡಿಕೊಳ್ಳುತ್ತದೆ. ಎರಡನ್ನೂ 'ಹಳೆಯದಾಗಿದೆ' ಎಂಬ ಒಂದೇ ಮಾತಿನಲ್ಲಿ ಸೇರಿಸಿ ಉಜ್ಜಿಬಿಡುವುದೇ ನಾವು ಮಾಡುವ ತಪ್ಪು. ಒಂದು ವಸ್ತುವಿಗೆ ಕಾಲ ಮಾಡಿದ್ದನ್ನು ಸರಿಪಡಿಸುವ ಹಕ್ಕು ನಮಗಿದೆ. ಮನುಷ್ಯರು ಮಾಡಿದ್ದನ್ನು ಅಳಿಸುವಾಗ ಒಂದು ಕ್ಷಣ ನಿಲ್ಲಬೇಕು.

ಡ್ರೈವರ್ ಸುತ್ತಿದ ಬಟ್ಟೆ, ತಂತಿ, ಯಾವುದೋ ಊರಿನ ಗ್ಯಾರೇಜಿನಲ್ಲಿ ಮೆತ್ತಿದ ಒರಟು ಪುಟ್ಟಿ, ಇವನ್ನು ಏನು ಮಾಡಬೇಕು? ಇವೂ ದುರಸ್ತಿಗಳೇ, ಯಾವ ಸನ್ನದನ್ನೂ ಓದದೆ ಮಾಡಿದವು. ಹಿಂದಿನವರ ದುರಸ್ತಿಯೇ ಮುಂದಿನವರಿಗೆ ಇತಿಹಾಸವಾಗುತ್ತದೆ. ಪ್ಯಾರಿಸಿನ ನೋತ್ರ್‌ದಾಮ್ ಚರ್ಚಿನ ಶಿಖರ 2019ರಲ್ಲಿ ಸುಟ್ಟು ಬಿದ್ದಾಗ ಜಗತ್ತು ಮರುಗಿತು. ಆ ಶಿಖರ ಮಧ್ಯಯುಗದ್ದಾಗಿರಲಿಲ್ಲ, ವಿಯೊಲೆ-ಲೆ-ಡ್ಯುಕ್ ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸದಾಗಿ ಕಟ್ಟಿದ್ದು. ಕೊನೆಗೆ ಮತ್ತೆ ಎಬ್ಬಿಸಿದ್ದೂ ಅವನ ವಿನ್ಯಾಸದ ಶಿಖರವನ್ನೇ. ಹಾಗೆಂದು ಕೊಳೆತ ಬಟ್ಟೆಯನ್ನು ಸ್ಟೀರಿಂಗಿನ ಮೇಲೆ ಉಳಿಸಿಕೊಳ್ಳಬೇಕೆಂದಲ್ಲ. ತೆಗೆಯುವ ಮೊದಲು ಫೋಟೊ ತೆಗೆದುಕೊಳ್ಳಿ, ಹೇಗೆ ಸುತ್ತಿದ್ದ ಎಂದು ನೋಡಿಕೊಳ್ಳಿ. ಯಾವ ಜಾಗದಲ್ಲಿ ಸುತ್ತಿದ್ದನೋ ಅಲ್ಲಿ ಅವನ ಕೈಗೆ ನೋವಾಗುತ್ತಿತ್ತು ಎಂದರ್ಥ. ಪುಟ್ಟಿ ತುಂಬುವವನಿಗೆ ಅದಕ್ಕಿಂತ ಒಳ್ಳೆಯ ನಕ್ಷೆ ಸಿಗುವುದಿಲ್ಲ.

ಇನ್ನು ಕೆಲವರು ಸುಲಭದ ದಾರಿ ಹಿಡಿಯುತ್ತಾರೆ: ಹಳೆಯದನ್ನು ಮುಟ್ಟದೆ ಬಿಚ್ಚಿ ಗೋಡೆಗೆ ತೂಗುಹಾಕಿ, ಕಾರಿಗೆ ಹೊಸದನ್ನು ಹಾಕಿಸುವುದು. ಮ್ಯೂಸಿಯಮ್ಮಿಗೆ ಇದು ಸರಿ. ಒಳಗಿನ ಉಕ್ಕೇ ತುಕ್ಕು ತಿಂದು ಬಳಸಲಾರದ ಸ್ಥಿತಿಯಲ್ಲಿದ್ದರೂ ಇದೇ ಸರಿ. ಆದರೆ ಬಳಸಬಹುದಾದ ಸ್ಟೀರಿಂಗನ್ನು ಗೋಡೆಗೇರಿಸಿದರೆ ಅದು ಚಿತ್ರಪಟವಾಗುತ್ತದೆ, ಮುಂದಿನ ಕೈ ಅದಕ್ಕೆ ಸೇರುವುದಿಲ್ಲ. ಸವೆತವನ್ನು ಗೌರವಿಸುವ ಸಹಜ ರೀತಿಯೆಂದರೆ ಅದನ್ನು ಮುಂದುವರಿಸುವುದು. ಅದೇ ಜಾಗದಲ್ಲಿ ನಮ್ಮ ಬಲಗೈ ಇಟ್ಟು ಓಡಿಸುವುದು.

ನಿಜವಾದ ಇಕ್ಕಟ್ಟು ಬರುವುದು ಬಿರುಕೂ ಸವೆತವೂ ಒಂದೇ ಜಾಗದಲ್ಲಿದ್ದಾಗ. ಹಾಗಾಗುವುದು ಅಪರೂಪವೂ ಅಲ್ಲ. ಕಡ್ಡಿ ಸೇರುವ ಕಡೆಯೇ ಬಿರುಕು, ಅದರ ಪಕ್ಕದಲ್ಲೇ ಹೆಬ್ಬೆರಳು. ಅಲ್ಲಿ ಕೊರೆಯದೆ ಗತಿಯಿಲ್ಲ, ಕೊರೆದರೆ ಗುರುತು ಹೋಗುತ್ತದೆ. ಇಂಥ ಕಡೆ ನನ್ನ ಮಟ್ಟಿಗೆ ಕೈ ಗೆಲ್ಲಬೇಕು. ಮುಂದೆ ಹಿಡಿಯುವವನ ಸುರಕ್ಷೆ ಹಿಂದೆ ಹಿಡಿದವನ ಗುರುತಿಗಿಂತ ದೊಡ್ಡದು. ಹಿಂದೆ ಹಿಡಿದವನೂ ಹಾಗೇ ಹೇಳುತ್ತಿದ್ದ. ಆದರೆ ಹೋದದ್ದನ್ನು ಹೋಗಿದೆ ಎಂದು ಒಪ್ಪಿಕೊಳ್ಳಬೇಕು. ತುಂಬಿದ ಜಾಗದ ಮೇಲೆ ಕೃತಕವಾಗಿ ಉಜ್ಜಿ, ಕಪ್ಪು ಹಚ್ಚಿ, ಹಳೆಯ ಸವೆತದಂತೆ ಕಾಣಿಸುವ ಜಾಣರೂ ಇದ್ದಾರೆ. ಶೋರೂಮಿನ ಹೊಳಪಿಗಿಂತ ಅದು ಕೆಟ್ಟದ್ದು. ಹೊಳಪು ಬದುಕಿದವನ ಗುರುತನ್ನು ಅಳಿಸುತ್ತದೆ ಅಷ್ಟೇ. ನಕಲಿ ಸವೆತ ಬದುಕೇ ಇರದವನೊಬ್ಬನನ್ನು ಸೃಷ್ಟಿಸುತ್ತದೆ.

ಕೊಳ್ಳುವವರ ಮುಂದೆ ಕಾರು ಬಂದಾಗ ಈ ಪ್ರಾಮಾಣಿಕತೆಗೆ ಬೆಲೆಯೂ ಸೇರಿಕೊಳ್ಳುತ್ತದೆ. 'ಎಲ್ಲ ಒರಿಜಿನಲ್' ಎಂಬ ಮಾತಿಗೆ ಹಣವಿದೆ. ಚೆನ್ನಾಗಿ ಮಾಡಿದ ಪುಟ್ಟಿಯ ಕೆಲಸ ಬಣ್ಣದ ಕೆಳಗೆ ಕಾಣುವುದಿಲ್ಲ, ಆದ್ದರಿಂದ ಹೇಳಬೇಕಾದವನು ಮಾಡಿಸಿದವನೇ. ನಾಲ್ಕು ಫೋಟೊ, ಒಂದು ದಿನಾಂಕ, ಎಲ್ಲೆಲ್ಲಿ ತುಂಬಿದೆ ಎಂಬ ಒಂದು ಚೀಟಿ ಕಾಗದಪತ್ರಗಳ ಜೊತೆ ಇದ್ದರೆ ಸಾಕು. ಹಾರ್ನ್ ಗುಂಡಿಯ ಕೆಳಗೆ ಯಾರಿಗೂ ಕಾಣದ ಜಾಗದಲ್ಲಿ ಇಸವಿ ಬರೆದಿಟ್ಟರೂ ಆದೀತು. ಮುಂದೊಂದು ದಿನ ಅದನ್ನು ಬಿಚ್ಚುವವನಿಗೆ, ತಾನು ಮೊದಲಿಗನಲ್ಲ ಎಂದು ಗೊತ್ತಾಗಲಿ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ವಿಷಯ ಸ್ವಲ್ಪ ಹೆಚ್ಚೇ ತಾಗುತ್ತದೆ. ಊರಿನ ಮನೆಯನ್ನು ದೂರದಿಂದ ದುಡ್ಡು ಕಳಿಸಿ ರಿಪೇರಿ ಮಾಡಿಸುವಾಗ ನಾವು ಕೇಳುವುದೂ ಇದನ್ನೇ: ಮೊದಲು ಹೇಗಿತ್ತೋ ಹಾಗೆ ಮಾಡಿ. ಆ 'ಮೊದಲು' ಎಂಬುದು ಯಾವಾಗ? ನಾವು ಹೊರಟ ದಿನ ಇದ್ದಂತೆ. ನಾವು ಹೋದ ಮೇಲೆ ಅಲ್ಲಿ ಉಳಿದವರು ಓಡಾಡಿ ಸವೆಸಿದ ಹೊಸ್ತಿಲು, ಅವರು ತಮ್ಮ ಅನುಕೂಲಕ್ಕೆ ಹೊಡೆದ ಮೊಳೆ, ಹಚ್ಚಿದ ಸಿಮೆಂಟು ನಮ್ಮ ಕಣ್ಣಿಗೆ ಕೆಡಿಸಿದಂತೆ ಕಾಣುತ್ತದೆ. ಸೋರುವ ಮಾಡನ್ನು ರಿಪೇರಿ ಮಾಡಿಸುವುದು ಕರ್ತವ್ಯ. ಆದರೆ ಅದರ ಜೊತೆಗೆ, ನಾವಿಲ್ಲದಾಗ ಆ ಮನೆಯನ್ನು ಹಿಡಿದುಕೊಂಡಿದ್ದವರ ಗುರುತನ್ನೂ ತೊಳೆದುಬಿಡುವ ಹಕ್ಕು ದುಡ್ಡು ಕಳಿಸಿದ ಮಾತ್ರಕ್ಕೆ ನಮ್ಮದಾಗುವುದಿಲ್ಲ. ಅಲ್ಲೂ ಕೇಳಬೇಕಾದ ಪ್ರಶ್ನೆ ಅದೇ: ಇದು ಬಿರುಕೋ, ಸವೆತವೋ?

ಹಾಗಾಗಿ ಪುಣೆಯ ಆ ಮೊಮ್ಮಗನಿಗೆ ನನ್ನ ಸಲಹೆ ಇಷ್ಟೇ. ಸ್ಟೀರಿಂಗನ್ನು ಬಿಚ್ಚುವ ಮೊದಲು ಊರಿಗೆ ಒಂದು ಫೋನ್ ಮಾಡು. ಕಾರು ಓಡಿಸುತ್ತಿದ್ದವರ ಹೆಸರೇನು, ಅವರು ಇದ್ದಾರೆಯೇ, ಅವರ ಮಕ್ಕಳು ಎಲ್ಲಿದ್ದಾರೆ ಎಂದು ಕೇಳು. ಆಮೇಲೆ ಬಿರುಕುಗಳನ್ನೆಲ್ಲ ಉಕ್ಕಿನವರೆಗೆ ತೆರೆದು, ಚೆನ್ನಾಗಿ ತುಂಬಿಸು. ಬಲಭಾಗದ ನುಣುಪಿಗೆ ಮರಳುಕಾಗದ ಮುಟ್ಟಿಸಬೇಡ. ಬರೀ ಸೋಪಿನ ನೀರಲ್ಲಿ ಒರೆಸಿ ಬಿಡು. ಬಣ್ಣ ಅಲ್ಲಲ್ಲಿ ಹೊಂದದೆ ಹೋದೀತು, ಹೋಗಲಿ. ನೋಡಿದವರು ಯಾಕೆ ಹೀಗೆ ಬಿಟ್ಟೆ ಎಂದು ಕೇಳಿದರೆ, ಆ ಹೆಸರನ್ನು ಹೇಳಲು ನಿನಗೊಂದು ಕಾರಣ ಸಿಗುತ್ತದೆ.